ಎಬ್ಬಿಸಬಾರದ ನಿದ್ದೆ

ಕರೆಂಟು ಹೋಗಬಹುದಿತ್ತು. ಹೋದಾಗ ಜನರೇಟರು ಚಾಲೂ ಆಗದೆ ಇರಬಹುದಿತ್ತು. ಚಾಲೂ ಆದರೂ ಅದರಲ್ಲಿ ಡೀಸೆಲ್ ಇಲ್ಲದಿರಬಹುದಿತ್ತು; ಡೀಸೆಲ್ ಇದ್ದರೂ ಆ ಕೋಣೆಯ ಕೀಲಿ ಇಟ್ಟುಕೊಂಡ ವಾಚ್‌ಮನ್ ಸಡ್ಡಕನ ಮದುವೆಗೆಂದು ನಲ್ಗೊಂಡಕ್ಕೆ ಹೋಗಿರಬಹುದಿತ್ತು. ಕಂಪ್ರೆಸರ್ ಸುಡಬಹುದಿತ್ತು, ಗ್ಯಾಸ್ ಸೋರಬಹುದಿತ್ತು, ಉಷ್ಣಮಾಪಕ ಸುಳ್ಳು ಹೇಳಬಹುದಿತ್ತು. ಬಾಗಿಲಿನ ರಬ್ಬರು ಸಡಿಲಾಗಿ ಹೈದರಾಬಾದಿನ ಬೇಸಿಗೆ ಒಳಗೆ ನುಗ್ಗಬಹುದಿತ್ತು. ಗಾಳಿಯ ತೇವ ಕಡಿಮೆಯಾಗಬಹುದಿತ್ತು. ಹೆಚ್ಚಾಗಿ ಗೋಡೆಯ ನೀರು ವೈರಿಂಗಿಗೆ ಇಳಿಯಬಹುದಿತ್ತು. ಇಲಿ ಬಂದು ವೈರು ಕಡಿಯಬಹುದಿತ್ತು. ಕಸ ಗುಡಿಸುವವರು ರೂಢಿಯಂತೆ ಫಿನಾಯಿಲ್ ಸುರಿಯಬಹುದಿತ್ತು. ಯಾರೋ ದೊಡ್ಡವರು ಸಕುಟುಂಬ ಬಂದು ಒಂದೇ ಒಂದು ಫೋಟೋ ಎಂದು ಬಾಗಿಲು ತೆರೆಸಬಹುದಿತ್ತು. ರೋಗದ ಕಣ ನನ್ನ ಚಪ್ಪಲಿಗೆ ಅಂಟಿಕೊಂಡು ಹೊರಗೆ ಹೋಗಬಹುದಿತ್ತು. ಇಷ್ಟೆಲ್ಲ ಆಗದಿದ್ದರೆ, ಕೊನೆಗೆ ನನಗೇ ನ್ಯುಮೋನಿಯಾ ಆಗಬಹುದಿತ್ತು.

ಮಲ್ಕಾಜ್‌ಗಿರಿಯ ಮನೆಯಿಂದ ಪ್ರಯೋಗಾಲಯ ಮುಟ್ಟುವ ತನಕ ಇದನ್ನು ದಿನಾಲೂ ಜಪದ ಹಾಗೆ ಹೇಳಿಕೊಳ್ಳುತ್ತಿದ್ದೆ. ಕಲಬುರ್ಗಿಯಲ್ಲಿ ಹುಟ್ಟಿ, ರೈಲ್ವೆ ನೌಕರನನ್ನು ಮದುವೆಯಾಗಿ ಈ ಊರಿಗೆ ಬಂದ ದಿನದಿಂದ ನನ್ನ ಸ್ವಭಾವ ಹೀಗೇ. ಮನೆಯವರು ಚಹಾ ಬಸಿಯುತ್ತ ಹೇಳಿದರು:

“ನಿನ್ನ ಚಿಂತಿ ಹಿಡದು ಒಂದು ವೈರಿಗೆ ಜೋಡಿಸಿದ್ರ ಅರ್ಧಾ ತೆಲಂಗಾಣಕ್ಕ ಕರೆಂಟ್ ಸಾಕಾಗ್ತದ ನೋಡು. ಜನರೇಟರ್ ಯಾಕ ಬೇಕು?”

ಇಷ್ಟು ಚಿಂತೆಗೆ ಕಾರಣ ಒಂದು ತಣ್ಣನೆಯ ಕೋಣೆ, ಅದರೊಳಗೆ ಮಲಗಿದ್ದ ಒಂದು ಹಿಡಿ ಬಾವಲಿಗಳು.

ನಾನು ಪಶುವೈದ್ಯೆ ನಿಜ, ಆದರೆ ಸತ್ತವುಗಳ ವೈದ್ಯೆ. ಕಾಡಿನಲ್ಲೋ ಪ್ರಾಣಿಸಂಗ್ರಹಾಲಯದಲ್ಲೋ ಏನಾದರೂ ಸತ್ತರೆ ಕೊಯ್ದು ನೋಡಿ ಯಾಕೆ ಸತ್ತಿತು ಎಂದು ಹೇಳುವುದು ನನ್ನ ಕೆಲಸ. ಇದರಲ್ಲೊಂದು ನೆಮ್ಮದಿಯಿದೆ. ನನ್ನ ಮೇಜಿಗೆ ಬರುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿಹೋಗಿರುತ್ತದೆ. ಚಿಂತೆಯ ಹೆಂಗಸಿಗೆ ಇದಕ್ಕಿಂತ ಒಳ್ಳೆಯ ನೌಕರಿ ಇಲ್ಲ.

ಆ ಜನವರಿಯಲ್ಲಿ ನಿರ್ದೇಶಕರು ಕರೆದು ಜೀವಂತವಾದದ್ದನ್ನು ಒಪ್ಪಿಸಿದರು. ಉತ್ತರದ ಬೆಟ್ಟಗಳಲ್ಲಿ ಒಂದು ಗುಹೆ. ಸಮೀಪದ ಸುರಂಗದ ಕೆಲಸದಿಂದ ಅದರ ಬಾಯಿ ಕುಸಿಯುವ ಹಾಗಿತ್ತು. ಒಳಗಿದ್ದ ಬಾವಲಿಗಳನ್ನು ತೆಗೆಯಲು ಹೋದ ಅರಣ್ಯದವರಿಗೆ ಅವುಗಳ ಮೂಗಿನ ಮೇಲೆ ಬಿಳಿ ಹಿಟ್ಟು ಕಂಡಿತು. ಬೂಷ್ಟು. ಹೊರದೇಶಗಳ ಗುಹೆಗಳನ್ನು ಖಾಲಿ ಮಾಡಿದ ಬೂಷ್ಟು ಇದೇನಾ ಎಂದು ಎಲ್ಲರಿಗೂ ಎದೆ ಹಾರಿತು. ಅಲ್ಲ, ಅದರ ಹತ್ತಿರದ ಬಳಗ ಎಂದು ಆಮೇಲೆ ಗೊತ್ತಾಯಿತು. ಬಾವಲಿಗಳಿಗೆ ಮಾತ್ರ ಈ ನೆಂಟಸ್ತನದಿಂದ ಏನೂ ಲಾಭವಾಗಲಿಲ್ಲ. ಬಂದೋಬಸ್ತಿನಲ್ಲಿ ಇಡಲು ಕೋಣೆ ಇರುವುದು ನಮ್ಮಲ್ಲಿ ಎಂದು ಅವನ್ನು ಇಲ್ಲಿಗೆ ಕಳಿಸುವವರಿದ್ದರು.

“ಸರ್, ಇದು ಹೈದರಾಬಾದು. ಅವಕ್ಕೆ ಏಪ್ರಿಲ್‌ವರೆಗೆ ಹಿಮಾಲಯದ ಚಳಿ ಬೇಕು,” ಎಂದೆ.

“ಲೈಟ್ ಲೋ, ಡಾಕ್ಟರ್,” ಎಂದರು ನಿರ್ದೇಶಕರು. ಅವರು ಹಳೇ ಶಹರದವರು. ಪ್ರಳಯ ಬಂದರೂ ಮೊದಲು ಹೇಳುವ ಮಾತು ಅದೇ, ಹಗುರಾಗಿ ತಗೊಳ್ಳಿ ಎಂದು. “ಕೋಲ್ಡ್ ರೂಮ್ ಇದೆ. ಮೆಕ್ಯಾನಿಕ್ ಇದ್ದಾನೆ. ಮತ್ತೆ ಚಿಂತೆ ಮಾಡಲಿಕ್ಕೆ ನೀವಿದ್ದೀರಲ್ಲ.”

ಇಲ್ಲಿ ಸ್ವಲ್ಪ ಬಾವಲಿಯ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಚಳಿ ಸೀಮೆಯ ಈ ಸಣ್ಣ ಬಾವಲಿಗಳಿಗೆ ಚಳಿಗಾಲದಲ್ಲಿ ತಿನ್ನಲು ಹುಳ ಸಿಗುವುದಿಲ್ಲ. ಅದಕ್ಕೇ ಮೊದಲೇ ತಿಂದು ತಿಂದು ಬೆನ್ನಿನ ಚರ್ಮದಡಿ ಕೊಬ್ಬಿನ ಬುತ್ತಿ ಕಟ್ಟಿಕೊಳ್ಳುತ್ತವೆ. ಆಮೇಲೆ ಗುಹೆಯಲ್ಲಿ ತಲೆಕೆಳಗಾಗಿ ಜೋತುಬಿದ್ದು, ಮೈಬಿಸಿಯನ್ನು ಕಲ್ಲಿನ ತಂಪಿಗೆ ಇಳಿಸಿ, ಎದೆಬಡಿತವನ್ನು ತೀರ ನಿಧಾನ ಮಾಡಿ ಮಲಗುತ್ತವೆ. ಎರಡು ಮೂರು ವಾರಕ್ಕೊಮ್ಮೆ ತಾವಾಗಿಯೇ ಎದ್ದು ಗುಟುಕು ನೀರು ಕುಡಿದು ಮತ್ತೆ ಮಲಗುತ್ತವೆ. ಹಾಗೊಮ್ಮೆ ಎದ್ದು ಮೈ ಬಿಸಿ ಮಾಡಿಕೊಳ್ಳುವುದಕ್ಕೆ ವಾರಗಟ್ಟಲೆ ನಿದ್ದೆಗೆ ಸಾಕಾಗುವ ಬುತ್ತಿ ಕರಗುತ್ತದೆ. ಬೂಷ್ಟಿನ ಕೇಡು ಇರುವುದು ಇಲ್ಲೇ. ರೆಕ್ಕೆಯ ತೊಗಲಿನೊಳಗೆ ಬೇರು ಬಿಟ್ಟು, ಮೈಯ ನೀರು ಆರಿಸಿ, ನವೆ ಹತ್ತಿಸಿ, ಮತ್ತೆ ಮತ್ತೆ ಎಬ್ಬಿಸುತ್ತದೆ. ಎಬ್ಬಿಸುತ್ತದೆ ಅಷ್ಟೇ, ಉಳಿದದ್ದನ್ನು ಹಸಿವು ಮಾಡುತ್ತದೆ. ಹುಳ ಹಾರುವ ಕಾಲ ಬರುವ ಮೊದಲೇ ಬುತ್ತಿ ಖಾಲಿ. ಉಳಿಯುವ ಬಾವಲಿಗಳು ಉಳಿಯುವುದು ಕೊಬ್ಬು ಹೆಚ್ಚಿದ್ದರೆ, ಮಲಗಿದ ಜಾಗ ಹೆಚ್ಚು ತಂಪಿದ್ದರೆ, ಯಾರೂ ಎಬ್ಬಿಸದಿದ್ದರೆ.

ಮನೆಯಲ್ಲಿ ಇದನ್ನು ವಿವರಿಸಿದಾಗ ಯಜಮಾನರು ಬಿದ್ದು ಬಿದ್ದು ನಕ್ಕರು. “ಅಲ್ಲ, ತನಗ ನಿದ್ದಿ ಬರದಾಕಿ ಕೈಯಾಗ ನಿದ್ದಿ ಮಾಡಸೂ ನೌಕರಿ ಕೊಟ್ಟಾರ!”

ಕೋಣೆ ಸಜ್ಜು ಮಾಡಲು ಬಂದ ಮೆಕ್ಯಾನಿಕ್ ಸೇಡಂ ಕಡೆಯವನು. ಅಪ್ಪ ಅವ್ವ ಗಾರೆ ಕೆಲಸಕ್ಕೆ ಮಿಯಾಪುರಕ್ಕೆ ಬಂದಾಗ ಅವರ ಜೊತೆ ಬಂದವನು, ಈಗ ಊರ ಸುತ್ತಿನ ಮೆಣಸಿನಕಾಯಿ, ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜುಗಳನ್ನೆಲ್ಲ ನೋಡಿಕೊಳ್ಳುತ್ತಾನೆ. ನಾನು ಕನ್ನಡದವಳೆಂದು ಗೊತ್ತಾದ ಕೂಡಲೇ ತೆಲುಗು ಬಿಟ್ಟ.

“ಇದರಾಗ ಏನಿಡಾವ್ರಿ ಅಕ್ಕಾರ?”

“ಬಾವಲಿ.”

ಅವನು ಪಾನಾ ಕೆಳಗಿಟ್ಟ. “ತಿನ್ನಾಕೇನ್ರಿ?”

“ಮಲಗಸಾಕ.”

“ಯಪ್ಪಾ! ನಮ್ಮ ಮನ್ಯಾಗ ಫ್ಯಾನ್ ನೆಟ್ಟಗ ತಿರಗೂದಿಲ್ಲ, ಬಾವಲಿಗೆ ಎಸಿ! ಮುಂದಿನ ಜನ್ಮದಾಗ ಬಾವಲಿ ಮಾಡಪಾ ಅಂತ ಹರಕಿ ಹೊರತೀನಿ ತಡೀರಿ.”

ನಾನು ನನ್ನ ಜಪವನ್ನು ಒಂದೊಂದಾಗಿ ಅವನ ಮುಂದಿಟ್ಟೆ. ಅವನಲ್ಲಿ ಪ್ರತಿಯೊಂದಕ್ಕೂ ಉತ್ತರವಿತ್ತು. ಕೆಲವು ನಿಜವಾದವು, ಕೆಲವು ನನ್ನ ಬಾಯಿ ಮುಚ್ಚಿಸುವುದಕ್ಕೆ. ಎರಡನೇ ಕಂಪ್ರೆಸರ್ ಜೋಡಿಸಿದ. ಗೋಡೆಗಳಿಗೆ ಒದ್ದೆ ಗೋಣಿತಟ್ಟು ಇಳಿಬಿಟ್ಟು ಕೆಳಗೆ ನೀರಿನ ತಟ್ಟೆ ಇಟ್ಟೆವು, ಗುಹೆಯ ತೇವ ಬರಲಿ ಎಂದು. ಬೆಳಕಿಲ್ಲದೆ ನೋಡುವ ಕ್ಯಾಮೆರಾವನ್ನು ಒಂದು ಮೂಲೆಯಲ್ಲಿ ಕೂರಿಸಿದ.

“ಇಲಿ ಬಂದು ವೈರ್ ಕಡದ್ರ?” ಎಂದೆ.

“ಈಗ ಕೇಳಿದ್ರಿ ನೋಡ್ರಿ ಖರೇ ಪ್ರಶ್ನಿ! ಕೋಲ್ಡ್ ಸ್ಟೋರೇಜಿಗೆ ದುಷ್ಮನ್ ಕರೆಂಟ್ ಅಲ್ರಿ, ಇಲಿ.” ಚೀಲದಿಂದ ಸಾಬೂನಿನ ಡಬ್ಬಿಯಷ್ಟಿದ್ದ ಬಿಳೀ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ಕ್ಯಾಮೆರಾದ ಪಕ್ಕದ ಪ್ಲಗ್ಗಿಗೆ ಚುಚ್ಚಿದ. ಹಸಿರು ಚುಕ್ಕಿ ಹತ್ತಿತು. “ಹಿಮಾಯತ್‌ನಗರದ ಅಂಗಡ್ಯಾಗ ಡಜನ್ ಗಟ್ಟಲೆ ತಂದು ಎಲ್ಲಾ ಗೋದಾಮದಾಗೂ ಹಾಕೀನಿ. ಇದಿದ್ದಲ್ಲಿ ಇಲಿ ಹಾಯೂದಿಲ್ಲ. ಹಚ್ಚಿ ಮರತ ಬಿಡ್ರಿ.”

ಮರೆತುಬಿಟ್ಟೆ. ನನ್ನ ಜೀವನದಲ್ಲಿ ನಾನು ಪೂರ್ತಿ ಮರೆತ ಚಿಂತೆ ಅದೊಂದೇ ಇರಬೇಕು.

ಬಾವಲಿಗಳು ತಣ್ಣನೆಯ ಪೆಟ್ಟಿಗೆಯಲ್ಲಿ ವಿಮಾನದಲ್ಲಿ ಬಂದವು. ಅರವತ್ತಕ್ಕೆ ಎರಡು ಕಡಿಮೆ. ಅಂಗೈಯಲ್ಲಿ ಇಟ್ಟುಕೊಂಡರೆ ಒಂದು ಚಮಚ ಸಕ್ಕರೆಗಿಂತ ತುಸು ಹೆಚ್ಚಿನ ತೂಕ. ಮಡಚಿದ ರೆಕ್ಕೆಯ ಮೇಲೆ, ಮೂಗಿನ ತುದಿಯಲ್ಲಿ ಬಿಳುಪು. ಹಿಟ್ಟಿನ ಗಿರಣಿಯಲ್ಲಿ ಕೆಲಸ ಮಾಡಿ ಬಂದು ಹಾಗೇ ಮಲಗಿಬಿಟ್ಟವರ ಹಾಗೆ. ನಾನೂ, ಬೂಷ್ಟು ಬೆಳೆಸಿ ಗುರುತಿಸುವ ನನ್ನ ಕಿರಿಯ ಸಹೋದ್ಯೋಗಿ, ಬೀದರಿನವಳು, ಇಬ್ಬರೂ ಉಸಿರು ಬಿಗಿಹಿಡಿದು ಅವನ್ನು ಒಂದೊಂದಾಗಿ ಗೋಣಿತಟ್ಟಿಗೆ ತಗುಲಿಸಿದೆವು. ಉಗುರು ಸಿಕ್ಕಿಸಿಕೊಂಡು ಜೋತವು. ಗುಹೆಯಲ್ಲಿದ್ದ ಹಾಗೆಯೇ ಇರಲೆಂದು ತಂಪನ್ನು ಒಂಬತ್ತು ಡಿಗ್ರಿಗೆ ನಿಲ್ಲಿಸಿದೆವು.

ಮೊದಲ ದಿನದಿಂದಲೇ ದಿನಕ್ಕೆರಡು ಸಲ ಒಳಗೆ ಹೋಗುತ್ತಿದ್ದೆ. ತಟ್ಟೆಯ ನೀರು ನೋಡಬೇಕು, ಗೋಣಿ ಮುಟ್ಟಿ ನೋಡಬೇಕು, ಉಷ್ಣಮಾಪಕ ನಿಜ ಹೇಳುತ್ತಿದೆಯೇ ಎಂದು ಇನ್ನೊಂದು ಉಷ್ಣಮಾಪಕದಿಂದ ನೋಡಬೇಕು. ಮೂರನೆಯದೊಂದನ್ನೂ ತರಿಸಿದ್ದೆ, ಆ ಎರಡಕ್ಕೆ ಜಗಳ ಬಂದರೆ ಪಂಚಾಯ್ತಿಗೆ ಇರಲಿ ಎಂದು.

ಎರಡನೆಯ ವಾರದಲ್ಲಿ ಸಾಯತೊಡಗಿದವು. ಬೆಳಗ್ಗೆ ಬಾಗಿಲು ತೆರೆದರೆ ನೆಲದ ಮೇಲೆ ಒಣಗಿದ ಎಲೆಯ ಹಾಗೆ ಒಂದು, ಕೆಲವು ದಿನ ಎರಡು. ಆಮೇಲಿನದು ನನ್ನ ಹಳೆಯ ಕೆಲಸ. ಬೆನ್ನಿನ ಚರ್ಮ ಬಿಡಿಸಿದರೆ ಕೊಬ್ಬಿರಬೇಕಾದ ಜಾಗ ತಿಕ್ಕಿಟ್ಟ ಪಾತ್ರೆಯ ಹಾಗೆ ಖಾಲಿ. ಚಳಿಗಾಲ ಅರ್ಧ ಉಳಿದಿರುವಾಗಲೇ ಬುತ್ತಿ ಮುಗಿದಿತ್ತು.

“ಭಾಳ ಲಗೂನ ಖಾಲಿ ಆಗಾಕತ್ತದ ಮೇಡಂ,” ಎಂದಳು ಬೀದರಿನವಳು.

“ರೋಗ ಅಂದ್ರ ಅದೇ ಅಲ್ಲೇನು?” ಎಂದೆ ನಾನು. ಈ ಉತ್ತರ ನಮ್ಮಿಬ್ಬರಿಗೂ ಸಾಕಾಯಿತು. ಕಾಯಿಲೆಗೆ ಹೆಸರಿತ್ತಲ್ಲ, ಆದ್ದರಿಂದ ಕಾರಣ ಹುಡುಕುವುದನ್ನು ನಿಲ್ಲಿಸಿದ್ದೆವು.

ಇಂಥ ಬಾವಲಿಗಳನ್ನು ಉಳಿಸಲು ತಿಳಿದವರು ಹೇಳುವ ದಾರಿ ಒಂದಿದೆ: ಬೆಚ್ಚಗೆ ಮಾಡಿ, ನೀರು ಕೊಟ್ಟು, ಕೈಯಾರೆ ಹುಳ ತಿನ್ನಿಸುವುದು. ಬೂಷ್ಟಿಗೆ ಬಿಸಿ ಆಗಿಬರುವುದಿಲ್ಲ. ಫೆಬ್ರುವರಿಯ ಕೊನೆಗೆ ಉಳಿದವುಗಳಲ್ಲಿ ಅರ್ಧವನ್ನು ಪಕ್ಕದ ಕೋಣೆಗೆ ತಂದು ಬೆಚ್ಚಗೆ ಮಾಡಿದೆವು. ಎದ್ದವು. ಚಿಮಟದಲ್ಲಿ ಹಿಡಿದ ಹಿಟ್ಟಿನ ಹುಳವನ್ನು ಕೆಲವು ಕಚ್ಚಿ ತಿಂದವು. ಬೀದರಿನವಳು ಒಂದಕ್ಕೆ “ತಿನ್ನವ್ವಾ, ಇನ್ನೊಂದು ತುತ್ತು, ನನ್ನ ಬಂಗಾರ” ಎಂದು ಮಗುವಿಗೆ ಉಣಿಸುವ ಹಾಗೆ ಉಣಿಸುತ್ತಿದ್ದಳು. ನನಗೂ ಆಸೆ ಬಂತು.

ಆದರೆ ಮೈ ಬಿಸಿಯಾದ ಕೂಡಲೇ ಅಷ್ಟು ದಿನ ಮಲಗಿದ್ದ ದೇಹದ ರಕ್ಷಣಾಶಕ್ತಿಯೂ ಎದ್ದಿತು. ಎದ್ದು ಬೂಷ್ಟಿನ ಜೊತೆಗೆ ಬೂಷ್ಟು ಕೂತ ರೆಕ್ಕೆಯನ್ನೂ ಹರಿದುಹಾಕಿತು. ತೊಗಲು ಕೆಂಡದ ಮೇಲಿಟ್ಟ ಹಪ್ಪಳದ ಹಾಗೆ ಸುರುಟಿ ತೂತು ಬಿತ್ತು. ಮೈಯಲ್ಲಿ ಕಸುವಿದ್ದರೆ ಇದನ್ನು ತಡೆದುಕೊಂಡು ಏಳುತ್ತಿದ್ದವೋ ಏನೋ. ಇವುಗಳಲ್ಲಿ ಕಸುವಿರಲಿಲ್ಲ. ಬಂಗಾರ ಎನಿಸಿಕೊಂಡದ್ದು ಎಲ್ಲಕ್ಕಿಂತ ಕೊನೆಗೆ ಸತ್ತಿತು, ಬಾಯಲ್ಲಿ ಹುಳ ಇರುವಾಗಲೇ. ಅವಳು ಕೈಗವಸು ತೆಗೆದು, ಕೈ ತೊಳೆದುಕೊಂಡು ಹೊರಗೆ ಹೋದಳು. ಬೆಚ್ಚಗೆ ಮಾಡಿದವುಗಳಲ್ಲಿ ಒಂದೂ ಉಳಿಯಲಿಲ್ಲ.

ಮರುದಿನ ನಿರ್ದೇಶಕರು ಕರೆದರು. ಅವರ ಬಾಯಿಂದ ‘ಲೈಟ್ ಲೋ’ ಬರಲಿಲ್ಲ. ಆಗಲೇ ನನಗೆ ಅರ್ಥವಾಗಬೇಕಿತ್ತು.

“ಮೇಲಿನವರ ಪತ್ರ ಬಂದಿದೆ. ಮಾರ್ಚ್ ಕೊನೆಯವರೆಗೆ ನೋಡುತ್ತಾರೆ. ಸಾವು ಹೀಗೇ ನಡೆದರೆ ಉಳಿದವನ್ನು ನರಳಿಸುವುದು ಬೇಡ, ಇಂಜೆಕ್ಷನ್ ಕೊಟ್ಟು ಮುಗಿಸಿ ಎನ್ನುತ್ತಾರೆ.”

“ಯಾರು ಕೊಡಬೇಕು?”

ಅವರು ಕಿಟಕಿಯ ಕಡೆ ನೋಡಿದರು. “ಡಾಕ್ಟರ್, ಈ ಕಟ್ಟಡದಲ್ಲಿ ಅದನ್ನು ನೋವಾಗದ ಹಾಗೆ ಮಾಡುವ ಕೈ ಇನ್ಯಾರದಿದೆ?”

ಇಷ್ಟು ವರ್ಷ ಸತ್ತವುಗಳ ವೈದ್ಯೆಯಾಗಿ ಒಂದನ್ನೂ ನಾನು ಸಾಯಿಸಿರಲಿಲ್ಲ. ಆ ಹೊತ್ತಿಗೆ ಕೋಣೆಯಲ್ಲಿ ಉಳಿದಿದ್ದವು ಹತ್ತೊಂಬತ್ತು.

ಬೀದರಿನವಳೂ ನಾನೂ ಕ್ಯಾಂಟೀನಿನಲ್ಲಿ ಆರಿದ ಚಹಾದ ಮುಂದೆ ಕೂತು ಒಂದು ತೀರ್ಮಾನಕ್ಕೆ ಬಂದೆವು. ಬೆಚ್ಚಗೆ ಮಾಡಿದ್ದು ಕೊಂದಿತು. ಹಾಗಾದರೆ ಇನ್ನೂ ತಣ್ಣಗೆ ಮಾಡೋಣ. ನಾಲ್ಕು ಡಿಗ್ರಿಗೆ ಇಳಿಸಿದರೆ ಬೂಷ್ಟು ನಿಧಾನ ಬೆಳೆಯುತ್ತದೆ, ಬುತ್ತಿಯೂ ನಿಧಾನ ಕರಗುತ್ತದೆ. ಅವಳ ಬಳಿ ಇನ್ನೊಂದು ಮಾತಿತ್ತು, ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

“ಮತ್ತ ಮೇಡಂ… ಯಾರೂ ಒಳಗ ಹೋಗಬಾರದು. ಕ್ಯಾಮೆರಾದಾಗಷ್ಟ ನೋಡೂದು.”

“ಯಾರೂ ಅಂದ್ರ ನಾನು.”

“ನೀವ ಹೋಗೂದಲ್ರಿ ಮತ್ತ, ದಿನಕ್ಕೆರಡ ಸಲ.”

ಮೆಕ್ಯಾನಿಕ್‌ಗೆ ಹೇಳಿದರೆ ಅವನು ತಲೆ ಕೆರೆದುಕೊಂಡ. “ಹೊರಗ ಬೆಂಕಿ ಬೀಳಾಕತ್ತೈತಿ, ಒಳಗ ನಾಕು ಡಿಗ್ರಿ, ಮ್ಯಾಲ ಇಷ್ಟು ತೇವ! ಕಾಯಿಲ್ ಮ್ಯಾಲ ಬರ್ಫ ಕಟ್ಟತೈತ್ರಿ ಅಕ್ಕಾರ. ಮೆಣಸಿನಕಾಯಿ ಹಿಂಗ ಕಾಡೂದಿಲ್ಲ ನೋಡ್ರಿ.” ಆದರೂ ಎರಡು ಕಂಪ್ರೆಸರುಗಳನ್ನು ಸರದಿಯಲ್ಲಿ ನಡೆಸಿ, ಒಂದರ ಮಂಜು ಕರಗುವಾಗ ಇನ್ನೊಂದು ತಂಪು ಹಿಡಿಯುವ ಹಾಗೆ ಜೋಡಿಸಿದ. ನೀರಿನ ತಟ್ಟೆಗಳಿಗೆ ಹೊರಗಿನಿಂದಲೇ ನಳಿಕೆ ಎಳೆದ. ನಾನು ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಬೀದರಿನವಳ ಕೈಗೆ ಕೊಟ್ಟೆ. ನನ್ನ ಕೈಗೆ ನಾನೇ ಕೊಟ್ಟ ದೊಡ್ಡ ಶಿಕ್ಷೆ ಅದು.

ಚಿಂತೆ ಮಾಡುವವರಿಗೆ ಸುಮ್ಮನಿರುವುದಕ್ಕಿಂತ ಕಷ್ಟದ ಕೆಲಸ ಇಲ್ಲ. ಬಾಗಿಲಿನ ಹೊರಗೆ ನಿಂತು ರಬ್ಬರಿನ ಸುತ್ತ ಅಂಗೈ ಆಡಿಸುತ್ತಿದ್ದೆ, ತಂಪು ಸೋರುತ್ತಿದೆಯೇ ಎಂದು. ಫೋನಿನಲ್ಲಿ ಕ್ಯಾಮೆರಾದ ಬೂದು ಚಿತ್ರ ತೆರೆದಿಟ್ಟುಕೊಂಡು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಯುಗಾದಿಯ ದಿನ ಬೇವು ಬೆಲ್ಲ ಹಂಚುತ್ತಿದ್ದ ಯಜಮಾನರು, “ಬಾವಲಿ ತಟ್ಟಿಗೂ ಹಾಕಲೇನು? ಮನಿಯಾಗಿನ ಮಂದಿಕಿಂತ ಅವೇ ಹೆಚ್ಚು ನಿನಗ,” ಎಂದರು. ನಗಲು ಹೋದೆ, ಆಗಲಿಲ್ಲ. ಅವರು ನನ್ನ ಕೈಯಲ್ಲಿ ಬೆಲ್ಲ ಜಾಸ್ತಿ ಇರುವ ಚೂರು ಇಟ್ಟರು.

ತಂಪು ಕೆಲಸ ಮಾಡಿತು, ಆದರೆ ಅರ್ಧ. ಸಾವು ನಿಧಾನವಾಯಿತು, ನಿಲ್ಲಲಿಲ್ಲ. ಪರದೆಯಲ್ಲಿ ಅವು ಎರಡು ಮೂರು ದಿನಕ್ಕೊಮ್ಮೆ ಅಲುಗುತ್ತಿದ್ದವು. ಮೊದಲು ಒಂದು ಕಿವಿ, ಆಮೇಲೆ ಮೈಯೆಲ್ಲ ನಡುಕ, ಆಮೇಲೆ ರೆಕ್ಕೆ ಬಿಚ್ಚಿ ನೆಕ್ಕಿಕೊಂಡು, ಎತ್ತಲೋ ತಲೆ ತಿರುಗಿಸಿ ಮತ್ತೆ ಮುದುಡುತ್ತಿದ್ದವು. ಪ್ರತಿ ನಡುಕದಲ್ಲೂ ಎಷ್ಟು ಬುತ್ತಿ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಕುರ್ಚಿಯ ಹಿಡಿ ಹಿಡಿದುಕೊಂಡು ‘ಮಲಗು, ಮಲಗು’ ಎನ್ನುತ್ತಿದ್ದೆ. ಮಾರ್ಚ್ ಮುಗಿಯಲು ಬಂದಿತ್ತು. ಹನ್ನೆರಡು ಉಳಿದಿದ್ದವು. ಇಂಜೆಕ್ಷನ್ನಿನ ಔಷಧಿ ಬಂದು ಕಪಾಟಿನಲ್ಲಿ ಕೂತಿತ್ತು.

ಆಗ ಬೀದರಿನವಳು ಒಂದು ವಿಚಿತ್ರ ಗಮನಿಸಿದಳು. “ಮೇಡಂ, ಇಲ್ಲಿ ನೋಡ್ರಿ. ಕ್ಯಾಮೆರಾ ಎದುರಿನ ಗೋಡಿ ಮ್ಯಾಲಿನವ ಹೆಚ್ಚು ಸತ್ತಾವ. ಆ ಕಡೆ ಎರಡನೇ ಗೋಣಿ ಹಿಂದ ಹೊಕ್ಕಾವಲ್ಲ, ಅವು ಏಳೂದs ಕಮ್ಮಿ.”

“ಅಲ್ಲಿ ತಂಪು ಹೆಚ್ಚಿರಬೇಕು.”

“ಇಲ್ರಿ. ನಿಮ್ಮ ಮೂರೂ ಥರ್ಮಾಮೀಟರ್ ಒಂದs ಹೇಳ್ತಾವ.” ಪರದೆಯ ಹತ್ತಿರ ಬಾಗಿ ಕೇಳಿದಳು, “ಕ್ಯಾಮೆರಾ ಏನರ ಸಪ್ಪಳ ಮಾಡ್ತದೇನ್ರಿ, ನಮಗ ಕೇಳಸದಂಥಾದ್ದು?”

ಬಾವಲಿಗಳ ಕೂಗು ನಮ್ಮ ಕಿವಿಗೆ ನಿಲುಕದಷ್ಟು ಕೀರಲು. ಅದನ್ನು ಹಿಡಿದು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಸಣ್ಣ ಯಂತ್ರವೊಂದು ನಮ್ಮ ಕಾಡು ಸುತ್ತುವ ತಂಡದ ಬಳಿ ಇತ್ತು. ಅವರು ಅದೇ ವಾರ ಕಾಡಿನಿಂದ ಮರಳಿದ್ದರು. ಯಂತ್ರ ತಂದೆವು. ಆದರೆ ಅದನ್ನು ಒಳಗೆ ಒಯ್ಯಬೇಕು. ಬಾಗಿಲು ತೆರೆದರೆ ಹನ್ನೆರಡೂ ಏಳಬಹುದು. ಒಂದೇ ಒಂದು ಎಚ್ಚರದ ಬುತ್ತಿಯೂ ಇಲ್ಲದವು ಅವುಗಳಲ್ಲಿ ಎಷ್ಟಿದ್ದವೋ. ಕ್ಯಾಮೆರಾ ನಿರಪರಾಧಿಯಾಗಿದ್ದರೆ ಸುಮ್ಮನೆ ಕೊಂದ ಹಾಗೆ.

ಅವಳು ಕೀಲಿ ಹಿಡಿದು ನಿಂತಳು. “ನೀವು ಹೇಳ್ರಿ.”

ಇಷ್ಟು ದಿನ ಒಳಗೆ ಹೋಗುವ ಆಸೆಯಿಂದ ಸಾಯುತ್ತಿದ್ದವಳು ನಾನು. ಈಗ ಹೋಗು ಎಂದರೆ ಕಾಲು ಬರಲಿಲ್ಲ. ಕಪಾಟಿನಲ್ಲಿದ್ದ ಔಷಧಿ ನೆನಪಾಯಿತು. “ತಗಿ,” ಎಂದೆ.

ಮಧ್ಯಾಹ್ನ ಹೊರಗೆ ಬಿಸಿಲು ಹೊಡೆಯುತ್ತಿತ್ತು. ಸ್ವೆಟರಿನ ಮೇಲೆ ರಕ್ಷಾ ಉಡುಪು ತೊಟ್ಟು ಒಳಗೆ ಕಾಲಿಟ್ಟೆ. ಒಳಗೆ ಹೆಣದ ಕೋಣೆಯ ನಿಶ್ಶಬ್ದ. ನನಗೆ ಪರಿಚಯದ್ದೇ. ಯಂತ್ರ ಚಾಲೂ ಮಾಡಿದೆ.

ಪರದೆ ಪೂರ್ತಿ ತುಂಬಿಹೋಯಿತು. ಗೆರೆ ಅಲ್ಲ, ಗೋಡೆ. ಕೆಲವು ಕ್ಷಣ ನಿಂತು ಮತ್ತೆ ಗೋಡೆ, ಮತ್ತೆ ಗೋಡೆ, ಒಂದೊಂದು ಸಲ ಒಂದೊಂದು ಎತ್ತರ. ನನ್ನ ಕಿವಿಗೆ ಅದೇ ನಿಶ್ಶಬ್ದ. ಯಂತ್ರ ಹೇಳುತ್ತಿತ್ತು, ಈ ಕೋಣೆಯಲ್ಲಿ ಯಾರೋ ಎಡೆಬಿಡದೆ ಚೀರುತ್ತಿದ್ದಾರೆ.

ಕ್ಯಾಮೆರಾದ ಪ್ಲಗ್ಗು ಕಿತ್ತೆ. ಚೀರಾಟ ನಿಲ್ಲಲಿಲ್ಲ. ಕಂಪ್ರೆಸರಿನ ಫ್ಯಾನು ನಿಲ್ಲಿಸು ಎಂದು ಹೊರಗೆ ಕೈಸನ್ನೆ ಮಾಡಿದೆ. ನಿಲ್ಲಲಿಲ್ಲ. ಆಮೇಲೆ, ಇನ್ನೇನೂ ಉಳಿದಿಲ್ಲ ಎಂದು ಯಂತ್ರವನ್ನು ಕೈಯಲ್ಲಿ ಹಿಡಿದು ಸುತ್ತ ತಿರುಗಿದಾಗ, ಮೂಲೆಯಲ್ಲಿ, ಕ್ಯಾಮೆರಾದ ಪಕ್ಕದಲ್ಲಿ, ಹಸಿರು ಚುಕ್ಕಿ ಕಂಡಿತು.

ಕಿತ್ತೆ. ಪರದೆ ಖಾಲಿಯಾಯಿತು.

ಇಲಿಗಳನ್ನು ಓಡಿಸುವ ಆ ಡಬ್ಬಿಯ ವಿದ್ಯೆಯೇ ಅದು. ಮನುಷ್ಯರಿಗೆ ಕೇಳದ ಕೀರಲು ದನಿಯಲ್ಲಿ ಹಗಲಿರುಳು ಕಿರುಚುವುದು. ಮೆಣಸಿನಕಾಯಿಗೆ ಕಿವಿಯಿಲ್ಲ, ಹುಣಸೆಹಣ್ಣಿಗೂ ಇಲ್ಲ. ದನಿಯಿಂದಲೇ ದಾರಿ ನೋಡುವ ಜೀವಿಗಳ ತಲೆಯ ಬಳಿ ಅದನ್ನು ಚುಚ್ಚಿ, ಬೀಗ ಹಾಕಿ, ಅವು ಯಾಕೆ ಮಲಗುತ್ತಿಲ್ಲ ಎಂದು ನಾವು ಎರಡು ತಿಂಗಳು ಹೊರಗೆ ಕೂತು ಯೋಚಿಸಿದ್ದೆವು. ಒದ್ದೆ ಗೋಣಿಯ ಮರೆಗೆ ಸರಿದವಕ್ಕೆ ಮಾತ್ರ ಸ್ವಲ್ಪ ಕಡಿಮೆ ಕೇಳಿಸುತ್ತಿತ್ತು. ನಾವು ಎಚ್ಚರ ವಹಿಸಿದ್ದೆವು: ಒಳಗೆ ಹೋದಾಗಲೆಲ್ಲ ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು.

ಬೀದರಿನವಳು ಹೊರಗೆ ಗೋಡೆಗೆ ಒರಗಿ ಕೂತುಬಿಟ್ಟಳು. “ಅದಕ್ಕs ಮೇಡಂ… ಬೆಚ್ಚಗ ಮಾಡಿದಾಗ ಅವುಗಳ ಮೈಯಾಗ ಕಸುವs ಉಳದಿದ್ದಿಲ್ಲ.” ಅವಳ ಮನಸ್ಸಿನಲ್ಲಿದ್ದದ್ದು ಬಂಗಾರ ಎಂದು ನನಗೆ ಗೊತ್ತಿತ್ತು.

ಆ ದಿನ ಬಾಗಿಲು ತೆರೆದ ಕಾರಣಕ್ಕೆ ಹನ್ನೆರಡರಲ್ಲಿ ಎಂಟು ಎದ್ದವು. ಮೂರು ಸತ್ತವು. ಉಳಿದ ಒಂಬತ್ತು ಒಂದಕ್ಕೊಂದು ಸರಿದು, ಗುಂಪಾಗಿ, ಮುಖ ಹುದುಗಿಸಿಕೊಂಡು ಮಲಗಿದವು. ಒಂದು ದಿನ ಅಲುಗಲಿಲ್ಲ. ಮೂರು ದಿನ ಅಲುಗಲಿಲ್ಲ. ಒಂದು ವಾರದ ತನಕ ಬೂದು ಪರದೆಯ ಮೇಲೆ ಏನೂ ನಡೆಯಲಿಲ್ಲ. ಏನೂ ನಡೆಯದಿರುವುದನ್ನು ಅಷ್ಟು ಹೊತ್ತು ಕೂತು ನೋಡಿದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ನಡೆದದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ವರದಿಯಲ್ಲಿ ಬರೆದು ನಿರ್ದೇಶಕರ ಮುಂದೆ ಇಟ್ಟೆ, ಡಬ್ಬಿಯ ಸಮೇತ. ಅವರು ಓದಿ, ಡಬ್ಬಿಯನ್ನು ಬೆರಳಿಂದ ಒಮ್ಮೆ ತಿರುಗಿಸಿ ನೋಡಿ, ಗಡುವು ಮುಂದೂಡಲು ಪತ್ರ ಬರೆದರು. ಕಪಾಟಿನ ಔಷಧಿಯನ್ನು ನಾನೇ ಉಗ್ರಾಣಕ್ಕೆ ವಾಪಸ್ಸು ಮಾಡಿದೆ.

ಏಪ್ರಿಲ್ ಕೊನೆಗೆ ಬೆಟ್ಟದಲ್ಲಿ ಹುಳ ಹಾರತೊಡಗಿವೆ ಎಂದು ಅರಣ್ಯದವರು ತಿಳಿಸಿದರು. ಗುಹೆಯ ಬಾಯಿಗೆ ಆಧಾರ ಕೊಟ್ಟಿದ್ದರು. ರೋಗ ಮೊದಲೇ ಇದ್ದ ಜಾಗಕ್ಕೇ, ಬಂದಲ್ಲಿಗೇ, ಒಂಬತ್ತನ್ನೂ ಕಳಿಸಿದೆವು. ರೆಕ್ಕೆಗಳ ಮೇಲೆ ಮಾಸಿದ ಕಲೆಗಳಿದ್ದವು. ಅಲ್ಲಿ ಹಾರಿದವು ಎಂದು ಸುದ್ದಿ ಬಂತು. ಆಮೇಲೆ ಎಷ್ಟು ದಿನ ಬದುಕಿದವು ಎಂದು ನಾನು ಕೇಳಲಿಲ್ಲ.

ಕರೆಂಟು ಹೋಗಿತ್ತು, ಎರಡು ಸಲ. ಜನರೇಟರು ಎರಡು ಸಲವೂ ಹತ್ತಿತ್ತು. ಕಂಪ್ರೆಸರ್ ಸುಡಲಿಲ್ಲ. ರಬ್ಬರು ಸಡಿಲಾಗಲಿಲ್ಲ. ವಾಚ್‌ಮನ್ ಮದುವೆಗೆ ಹೋದವನು ಕೀಲಿ ಬಿಟ್ಟು ಹೋಗಿದ್ದ. ಫಿನಾಯಿಲ್ ಬೀಳಲಿಲ್ಲ, ಫೋಟೋ ತೆಗೆಸಲು ಯಾರೂ ಬರಲಿಲ್ಲ, ನನಗೆ ನೆಗಡಿ ಕೂಡ ಆಗಲಿಲ್ಲ.

ಮೇ ತಿಂಗಳಲ್ಲಿ ಕೋಣೆ ಬಂದ್ ಮಾಡಲು ಮೆಕ್ಯಾನಿಕ್ ಬಂದ. ಗೋಣಿತಟ್ಟುಗಳನ್ನು ಸುಟ್ಟಾಗಿತ್ತು, ನೆಲ ತೊಳೆದಾಗಿತ್ತು. ಎರಡನೆಯ ಕಂಪ್ರೆಸರ್ ಬಿಚ್ಚುತ್ತ ಮೂಲೆಯ ಖಾಲಿ ಪ್ಲಗ್ಗು ನೋಡಿದ.

“ಆ ಡಬ್ಬಿ ಎಲ್ಲೈತ್ರಿ ಅಕ್ಕಾರ? ಕೆಟ್ಟಿತ್ತೇನು?”

ಮೇಜಿನ ಖಾನೆಯಿಂದ ತೆಗೆದು ಕೊಟ್ಟೆ. ಅವನು ಹೊರಗಿನ ಪ್ಲಗ್ಗಿಗೆ ಚುಚ್ಚಿ ನೋಡಿದ. ಹಸಿರು ಚುಕ್ಕಿ ಹತ್ತಿತು. ನಮ್ಮಿಬ್ಬರಿಗೂ ಏನೂ ಕೇಳಿಸಲಿಲ್ಲ.

“ಛಲೋನs ಐತಲ್ರಿ! ಇಷ್ಟು ದಿನದಾಗ ಒಂದರೆ ಇಲಿ ಬಂದಿತ್ತೇನು?”

“ಇಲ್ಲಪಾ,” ಎಂದೆ. “ಒಂದೂ ಬರಲಿಲ್ಲ.”

“ನಾ ಅವತ್ತs ಹೇಳಿದ್ನಿಲ್ರಿ,” ಎಂದು ಅವನು ಡಬ್ಬಿ ಒರೆಸಿ ಚೀಲಕ್ಕೆ ಹಾಕಿಕೊಂಡ.